ಕಣ್ಣಿನ ಹಿಂದೆ ಹೋಗುವ ದೀಪಗಳು

"ಭಾವ, ಇಷ್ಟು ದಿನ ಬೆಳಕು ಎಲ್ಲಿ ಬೀಳ್ತಿತ್ತೋ ಅಲ್ಲಿ ನೀವು ನೋಡ್ತಿದ್ರಿ. ಇನ್ಮೇಲೆ ನೀವು ಎಲ್ಲಿ ನೋಡ್ತೀರೋ ಅಲ್ಲಿ ಬೆಳಕು ಬೀಳ್ತೈತೆ! ಹತ್ತಿ ಕುಂತ್ಕೊಳ್ಳಿ ಸೀಟಲ್ಲಿ!"

ಹೀಗೆಂದು ನನ್ನ ತಮ್ಮ ಕದಿರಪ್ಪ, ಟೆಂಪೋದ ಮೂತಿಗೆ ಹೊದಿಸಿದ್ದ ಸೀರೆಯನ್ನು ಸರ್ರನೆ ಎಳೆದ. ಸೀರೆ ನನ್ನದು. ಹಳೆಯದೂ ಅಲ್ಲ. ಬಂಪರಿನ ಕೆಳಗೆ ಎರಡು ದುಂಡು ಹಳದಿ ದೀಪಗಳು ತಿರುಗುವ ಕುತ್ತಿಗೆಯ ಮೇಲೆ ಕೂತಿದ್ದವು. ಸ್ಟೀರಿಂಗಿನ ಎದುರಿಗೆ ಕುಂಕುಮದ ಭರಣಿಯಷ್ಟು ದೊಡ್ಡ ಡಬ್ಬಿ, ಅದರ ನಡುವೆ ಒಂದು ಗಾಜಿನ ಕಣ್ಣು. ಡ್ರೈವರಿನ ಕಣ್ಣುಗುಡ್ಡೆ ಎತ್ತ ಹೊರಳುತ್ತದೋ ಅದನ್ನು ಆ ಗಾಜಿನ ಕಣ್ಣು ನೋಡಿ ದೀಪಗಳಿಗೆ ಹೇಳುತ್ತದಂತೆ. ದೀಪಗಳು ಅತ್ತ ಹೊರಳುತ್ತವಂತೆ.

ನಮ್ಮ ಯಜಮಾನರು ಬಲಗೈಯಿಂದ ಸ್ಟೀರಿಂಗ್ ಮುಟ್ಟಿ ಹಣೆಗೊತ್ತಿಕೊಂಡು ಕೂತರು. ಸಂಜೆ ಕವಿಯುತ್ತಿತ್ತು. ಅವರು ಬೇವಿನ ಮರ ನೋಡಿದರು, ಬೇವಿನ ಮರ ಬೆಳಗಿತು. ಹಿತ್ತಿಲ ಬಾವಿ ನೋಡಿದರು, ಬಾವಿಕಟ್ಟೆ ಬೆಳಗಿತು. ಕದಿರಪ್ಪ ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು, ಸೂರ್ಯನನ್ನು ತಾನೇ ಜೋಡಿಸಿದವನಂತೆ ನಿಂತಿದ್ದ. ಆಮೇಲೆ ದೀಪಗಳು ತಮ್ಮಷ್ಟಕ್ಕೆ ಮೆಲ್ಲಗೆ ಮೇಲೆದ್ದು ಕೊಟ್ಟಿಗೆಯ ಸೂರಿನ ಸಂದಿಗೆ ಹೋಗಿ ನಿಂತವು. ಅಲ್ಲಿ ಒಂದು ಕಟ್ಟು ಬೀಡಿ ಇತ್ತು.

"ಬಿಟ್ಟಿದೀನಿ ಅಂದ್ರಲ್ಲ?" ಎಂದೆ.

"ನಂದಲ್ಲ ಕಣೇ! ಯಾರೋ ಇಟ್ಟವ್ರೆ!" ಎಂದರು ಯಜಮಾನರು. ದೀಪಗಳು ಬೀಡಿ ಕಟ್ಟನ್ನು ಬಿಟ್ಟು ನನ್ನ ಮುಖಕ್ಕೆ ಬಂದವು, ಬೀಡಿಗೆ ಹೋದವು, ಮತ್ತೆ ನನ್ನ ಮುಖಕ್ಕೆ ಬಂದವು.

"ನೋಡ್ದಾ ಅಕ್ಕ, ಎಷ್ಟು ನಿಖರ!" ಎಂದ ಕದಿರಪ್ಪ.

ಈ ದೀಪಗಳು ಯಾಕೆ ಬೇಕಾದವು ಎಂಬುದನ್ನು ಹೇಳಬೇಕು. ನಮ್ಮೂರು ಸೊಣ್ಣೇನಕುಂಟೆಯಲ್ಲಿ ಮನೆಮನೆಗೂ ರೇಷ್ಮೆಹುಳು. ಗೂಡು ಬಿಡಿಸಿದ ಮೇಲೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬರುವ ಮೊದಲೇ ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರಬೇಕು, ಹರಾಜಿನ ಹೊತ್ತಿಗೆ ಜಾಲರಿಯಲ್ಲಿ ಹರಡಿರಬೇಕು. ಊರಿನವರ ಚೀಲಗಳನ್ನೂ ಊರಿನವರನ್ನೂ ಹೊತ್ತು ಬೆಳಗಿನ ಜಾವಕ್ಕೆ ಹೊರಡುವ ಟೆಂಪೋ ನಮ್ಮ ಯಜಮಾನರು ಪಿಳ್ಳಪ್ಪನವರದು. ಮಾಗಿಯಲ್ಲಿ ಆ ದಾರಿಯ ಮೇಲೆ ಮಂಜು ಎಂದರೆ ಮುಂದೆ ಚಾಚಿದ ಕೈ ಕಾಣದಷ್ಟು.

ಆದರೆ ನಮ್ಮ ಯಜಮಾನರಿಗೆ ಹೋದ ಬೇಸಿಗೆಯಲ್ಲೂ ಮಂಜು ಕಾಣುತ್ತಿತ್ತು.

"ಹೆಡ್‌ಲೈಟು ಸರಿಯಿಲ್ಲ" ಎನ್ನುತ್ತಿದ್ದರು. ಹೆಡ್‌ಲೈಟ್ ಬದಲಾಯಿಸಿದರು. "ಗ್ಲಾಸು ಸರಿಯಿಲ್ಲ" ಎಂದರು. ಮುಂದಿನ ಗಾಜು ಬದಲಾಯಿಸಿದರು. "ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ" ಎಂದರೆ ಮಾತ್ರ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಕುರಿಮಂದೆಯನ್ನು ಮಂಜು ಅಂದುಕೊಂಡು ಟೆಂಪೋವನ್ನು ನೇರ ನುಗ್ಗಿಸಲು ಹೋಗಿದ್ದರು. ಮಂಜು 'ಬ್ಯಾ' ಎಂದಿದ್ದರಿಂದ ಬ್ರೇಕ್ ಬಿತ್ತು. ಮಂದೆಯ ಹಿಂದೆ ಕುರಿಯವನು ಕಂಬಳಿ ಹೊದ್ದು ನಡೆಯುತ್ತಿದ್ದ. ಅವನು ಬಾಯಿ ಬಿಟ್ಟಿರಲಿಲ್ಲ. ಮುಂದೆ ಕುರಿ ಇಲ್ಲದೆ ಅವನೊಬ್ಬನೇ ಇದ್ದಿದ್ದರೆ ಎಂಬ ಯೋಚನೆ ಅವತ್ತಿಡೀ ನನ್ನನ್ನು ಬಿಡಲಿಲ್ಲ.

ಅವರ ಭಯವೂ ನನಗೆ ಗೊತ್ತಿತ್ತು. ಪಿಳ್ಳಪ್ಪನಿಗೆ ಕಣ್ಣು ಕಾಣಲ್ಲ ಎಂದು ಊರಿನಲ್ಲಿ ಒಂದು ಮಾತು ಹುಟ್ಟಿದರೆ ಟೆಂಪೋಗೆ ಯಾರೂ ಚೀಲ ಏರಿಸುವುದಿಲ್ಲ. ಸ್ಟೀರಿಂಗ್ ಬಿಟ್ಟರೆ ಅವರಿಗೆ ಬೇರೆ ಕೆಲಸ ಬರದು. ಅದಕ್ಕೇ ಕಣ್ಣು ಬಿಟ್ಟು ಮಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿಸುತ್ತಿದ್ದರು.

ಕದಿರಪ್ಪ ರೇಷ್ಮೆ ಬಿಚ್ಚುವ ಯಂತ್ರಗಳ ಮೋಟರು ರಿಪೇರಿ ಮಾಡುವವನು. ಅಷ್ಟಕ್ಕೆ ಸುಮ್ಮನಿರುವವನಲ್ಲ. ಹುಳುಗಳಿಗೆ ತಾನಾಗಿಯೇ ಸೊಪ್ಪು ಎರಚುವ ಯಂತ್ರ ಮಾಡಿ, ಸೊಪ್ಪೆಲ್ಲ ಸೂರಿಗೆ ಅಂಟಿ, ಹುಳುಗಳು ಕತ್ತು ಎತ್ತಿಕೊಂಡು ಉಪವಾಸ ಬಿದ್ದದ್ದನ್ನು ಊರು ಮರೆತಿಲ್ಲ. ಭಾವ ದೀಪದ ಮಾತೆತ್ತಿದ್ದೇ ತಡ, ಪಟ್ಟಣದ ಅಂಗಡಿಗೆ ಕರೆದುಕೊಂಡು ಹೋದ.

"ಬಿಳಿ ಬೆಳಕು ಬ್ಯಾಡ ಭಾವ, ಮಂಜಿಗೆ ಬಡಿದು ವಾಪಸ್ಸು ನಮ್ ಕಣ್ಣಿಗೇ ಬರ್ತೈತೆ. ಹಳದಿ ತಗೊಳ್ಳಿ. ದೂರಕ್ಕೆ ಚುಚ್ಚೋದು ಬ್ಯಾಡ, ಅಗಲಕ್ಕೆ ಹರಡೋದು ಬೇಕು. ಬಂಪರ್ ಕೆಳಗೆ ತಗ್ಗಲ್ಲಿ ಕೂರಿಸ್ಬೇಕು, ಎದುರಿಗೆ ಬರೋನ ಕಣ್ಣಿಗೆ ಹೊಡೀಬಾರ್ದು. ವೈರು ದಪ್ಪದ್ದು, ಫ್ಯೂಸು ಬೇರೇದು" ಎಂದು ಅಂಗಡಿಯವನಿಗೇ ಪಾಠ ಮಾಡಿದನಂತೆ.

ಇಲ್ಲಿಯವರೆಗೆ ಅವನು ಹೇಳಿದ್ದೆಲ್ಲ ಸರಿ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಮೊದಲ ದಿನವೇ ದೀಪಗಳು ಊರವರಿಗೆ ಯಜಮಾನರ ಒಳಗನ್ನೆಲ್ಲ ಬಿಚ್ಚಿ ತೋರಿಸಿದವು. ಸಾಮಾನ್ಯವಾಗಿ ಡ್ರೈವರು ಎಲ್ಲಿ ನೋಡುತ್ತಾನೆಂದು ಯಾರಿಗೂ ಗೊತ್ತಾಗುವುದಿಲ್ಲ. ಈಗ ಹಾಗಲ್ಲ. ಬೋಂಡಾ ಅಂಗಡಿ ಬಂದರೆ ಬಾಣಲೆ ಬೆಳಗುತ್ತಿತ್ತು. ಹಿಂದೆ ಕೂತಿದ್ದ ಬ್ಯಾಟಪ್ಪ, "ಪಿಳ್ಳಪ್ಪಣ್ಣ, ನಿಲ್ಸಿ ಒಂದು ತಿಂದೇ ಬಿಡು, ಲೈಟು ಜೊಲ್ಲು ಸುರಿಸ್ತೈತೆ!" ಎಂದ. ಬ್ಯಾಟಪ್ಪ ನಮ್ಮೂರಿನಲ್ಲೇ ಹೆಚ್ಚು ಗೂಡು ಬೆಳೆಯುವವನು. ಹೆಚ್ಚು ಮಾತನಾಡುವವನೂ ಅವನೇ.

ಮುಂದಿನ ಕೂಡುರಸ್ತೆಯಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಪೊಲೀಸರ ಮುಖ ನೋಡಬಾರದೆಂದು ಯಜಮಾನರು ಕಣ್ಣು ತಗ್ಗಿಸಿದರು. ದೀಪಗಳು ಪೊಲೀಸಿನವರ ಮುಖದಿಂದ ಇಳಿದು ಹೊಟ್ಟೆಯ ಮೇಲೆ ನಿಂತವು. ಅಲ್ಲಿ ಅಂಗಿಯ ಗುಂಡಿಯೊಂದು ಇರಲಿಲ್ಲ.

"ಏನಯ್ಯಾ, ನನ್ ಹೊಟ್ಟೆ ಮೇಲ್ಯಾಕೆ ಲೈಟು?"

"ನೋಡ್ತಿಲ್ಲ ಸಾ!" ಎಂದರು ಯಜಮಾನರು. ದೀಪಗಳು ಇನ್ನಷ್ಟು ಗಟ್ಟಿಯಾಗಿ ನೋಡಿದವು.

ಸಂಜೆ ಬಂದವರೇ ಕದಿರಪ್ಪನ ಮೇಲೆ ಹಾರಿಬಿದ್ದರು. "ಬಿಚ್ಚಾಕೋ ಇದನ್ನ! ನನ್ ಮಾನ ರಸ್ತೆ ಮ್ಯಾಲೆ ಹಾಕ್ತೈತೆ!"

"ಬಿಚ್ಚೋದ್ಯಾಕೆ ಭಾವ? ಅದಿನ್ನೂ ಹಸುಗೂಸು. ನೀವು ಇಣುಕಿದ್ದಕ್ಕೆಲ್ಲ ಇಣುಕ್ತೈತೆ. ದಿನಾ ಎಲ್ಲಿ ನಿಂತು ನೋಡ್ತೀರೋ ಅದನ್ನ ಮಾತ್ರ ನೆನಪಿಟ್ಕೊಳ್ಳೋ ಹಂಗೆ ಬುದ್ಧಿ ಕೊಡ್ತೀನಿ. ಒಂದ್ವಾರ ಕೊಡಿ!"

"ಬುದ್ಧಿ ಮೊದ್ಲು ಕೊಡೋ ಕಡೆ ಕೊಡು" ಎಂದೆ ನಾನು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಕದಿರಪ್ಪ ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಟ್ಟ. ಅದರಿಂದ ಒಂದು ತಂತಿಯನ್ನು ಎಂಜಿನ್ನಿಗೂ ಎಳೆದ. ಭಾವ ಎಲ್ಲಿ ನಿಧಾನ ಮಾಡುತ್ತಾರೋ ಅಲ್ಲಿ ಟೆಂಪೋ ತಾನಾಗಿಯೇ ನಿಧಾನವಾಗುತ್ತದೆ, ಭಾವನ ಕಾಲಿಗೆ ಆಯಾಸವಿಲ್ಲ ಎಂದ.

ಅದು ಕಲಿತ ಮೊದಲ ಪಾಠ ಭಕ್ತಿ. ದಾರಿಯಲ್ಲಿ ಯಾವ ಗುಡಿ ಬಂದರೂ ದರ್ಗಾ ಬಂದರೂ ಯಜಮಾನರು ವೇಗ ತಗ್ಗಿಸಿ, ಅತ್ತ ನೋಡಿ, ಕೈ ಎದೆಗೆ ಮುಟ್ಟಿಸಿ ಹೋಗುವುದು ರೂಢಿ. ಎಲ್ಲ ಡ್ರೈವರುಗಳೂ ಮಾಡುವುದೇ. ಕೆಲವು ದಿನ ಕಳೆಯುವಷ್ಟರಲ್ಲಿ ದೀಪಗಳು ಅದನ್ನು ಅವರಿಗಿಂತ ಮೊದಲೇ ಮಾಡಲು ಕಲಿತವು. ಮುನೇಶ್ವರನ ಕಟ್ಟೆ ಹತ್ತಿರವಾಗುತ್ತಲೇ ಟೆಂಪೋ ತಾನಾಗಿಯೇ ನಿಧಾನವಾಗುತ್ತಿತ್ತು, ದೀಪಗಳು ಎಡಕ್ಕೆ ಹೊರಳಿ, ನೆಲದವರೆಗೆ ತಲೆ ತಗ್ಗಿಸಿ, ಮತ್ತೆ ಎದ್ದು ದಾರಿಗೆ ಬರುತ್ತಿದ್ದವು. ದರ್ಗಾದ ಮುಂದೆಯೂ ಹಾಗೆಯೇ. ಹಳ್ಳಿಹಳ್ಳಿಯಲ್ಲಿ ಸುದ್ದಿಯಾಯಿತು. ಬೇರೆ ಟೆಂಪೋಗೆ ಹೋಗುತ್ತಿದ್ದವರೂ "ದೇವ್ರಿಗೆ ಕೈ ಮುಗಿಯೋ ಗಾಡಿ" ಎಂದು ನಮ್ಮದಕ್ಕೆ ಬಂದರು. ಕದಿರಪ್ಪನ ನಡಿಗೆಯೇ ಬದಲಾಯಿತು.

ಆಮೇಲೆ ಆ ಕಲ್ಲಿನ ವಿಚಾರ ಶುರುವಾಯಿತು.

ಶಿಡ್ಲಘಟ್ಟದ ದಾರಿಯಲ್ಲಿ ಒಂದು ಮೋರಿ, ಮೋರಿಯ ಪಕ್ಕದಲ್ಲಿ ಕಿಲೋಮೀಟರಿನ ಕಲ್ಲು. ಅಲ್ಲಿ ಗುಡಿಯಿಲ್ಲ, ದರ್ಗಾ ಇಲ್ಲ, ನೆರಳಿಗೆ ಮರವೂ ಇಲ್ಲ. ಆದರೆ ಕಲ್ಲು ಹತ್ತಿರವಾಗುತ್ತಲೇ ದೀಪಗಳು ಅದರತ್ತ ಹೊರಳುತ್ತಿದ್ದವು. ತಲೆ ತಗ್ಗಿಸುತ್ತಿರಲಿಲ್ಲ. ಬೆಳಕು ಕಿರಿದಾಗುತ್ತಿತ್ತು, ಅಗಲವಾಗುತ್ತಿತ್ತು, ಮತ್ತೆ ಕಿರಿದಾಗುತ್ತಿತ್ತು. ಟೆಂಪೋ ತೆವಳುತ್ತಿತ್ತು. ಆಮೇಲೆ ಏನೋ ತೃಪ್ತಿಯಾದಂತೆ ಮುಂದೆ ಹೋಗುತ್ತಿತ್ತು.

"ಇಲ್ಯಾವ ದೇವ್ರು ಪಿಳ್ಳಪ್ಪಣ್ಣ?" ಎಂದು ಬ್ಯಾಟಪ್ಪ ಕೇಳಿದನಂತೆ.

"ಯಾವ್ದೂ ಇಲ್ಲ, ಸುಮ್ನೆ ಕೂತ್ಕೊ."

"ಇಲ್ದೆ ಗಾಡಿ ನಿಲ್ತದಾ? ಉಳಿದ ಕಡೆ ಬಗ್ಗಿ ಕೈಮುಗಿದು ಹೋಗ್ತೈತೆ, ಇಲ್ಲಿ ನಿಂತು ದರ್ಶನ ಮಾಡ್ತೈತೆ! ದೊಡ್ಡ ದೇವ್ರೇ ಇರ್ಬೇಕು. ರೋಡು ಮಾಡೋವಾಗ ಮುಚ್ಚಾಕವ್ರೆ!"

ಮಾರನೆಯ ದಿನ ಬ್ಯಾಟಪ್ಪ ಕಲ್ಲಿಗೆ ಸೇವಂತಿಗೆ ಹಾರ ಹಾಕಿದ. ಅವತ್ತು ಅವನ ಗೂಡಿಗೆ ಒಳ್ಳೆಯ ದರ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಅರಿಶಿನ, ಕುಂಕುಮ, ಕರ್ಪೂರ. ಕಲ್ಲು ದಿನದಿನಕ್ಕೂ ಕೆಂಪಾಗುತ್ತ ಹೋಯಿತು. ಟೆಂಪೋ ಅಲ್ಲಿ ನಿಲ್ಲುವ ಹೊತ್ತು ದಿನದಿನಕ್ಕೂ ಉದ್ದವಾಗುತ್ತ ಹೋಯಿತು.

ಯಜಮಾನರು ಮನೆಯಲ್ಲಿ ಮಾತು ಕಡಿಮೆ ಮಾಡಿದರು. ಕದಿರಪ್ಪನನ್ನು ಬೈಯುವುದನ್ನೂ ಬಿಟ್ಟರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು.

ನಮ್ಮ ಗೂಡೂ ಬಿಡಿಸುವ ಹೊತ್ತಿಗೆ ಬಂದಿತ್ತು. ನಾನೂ ಚೀಲ ಕಟ್ಟಿಕೊಂಡು ಟೆಂಪೋ ಏರಿ, ಮುಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ. "ನೀನ್ಯಾಕೆ? ನಾನೇ ಹಾಕ್ಕೊಂಡು ಬರ್ತೀನಿ" ಎಂದರು. "ದೇವ್ರ ದರ್ಶನ ಮಾಡ್ಕೊಂಡು ಬರ್ತೀನಿ" ಎಂದೆ.

ಮಂಜು ಗಟ್ಟಿಯಾಗಿತ್ತು. ಮೋರಿ ಬಂತು. ದೀಪಗಳು ಎಡಕ್ಕೆ ಹೊರಳಿ ಕಲ್ಲನ್ನು ಹಿಡಿದವು. ಹಿಂದೆ ಕೂತವರೆಲ್ಲ ಕೈಮುಗಿದರು. ನಾನು ಕಲ್ಲು ನೋಡಲಿಲ್ಲ, ಯಜಮಾನರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿತ್ತು. ಕಣ್ಣು ಕಿರಿದಾಗುತ್ತಿತ್ತು, ಅಗಲವಾಗುತ್ತಿತ್ತು, ಮತ್ತೆ ಕಿರಿದಾಗುತ್ತಿತ್ತು. ತುಟಿ ಅಲುಗುತ್ತಿತ್ತು. ಅದು ಪ್ರಾರ್ಥನೆಯಲ್ಲ. ಅವರು ಓದುತ್ತಿದ್ದರು.

ಆಗ ನನಗೆ ಎಲ್ಲ ತಿಳಿಯಿತು. ನನ್ನ ಗಂಡ ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲಿನ ಅಕ್ಷರ ಓದಿ ತಮ್ಮ ಕಣ್ಣನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಓದಲು ಬಂದರೆ, ಇನ್ನೂ ಒಂದು ದಿನ ಓಡಿಸಬಹುದು. ನಾಳೆಯದು ನಾಳೆಗೆ. ಮೊದಲು ದೂರದಿಂದ ಓದುತ್ತಿದ್ದರು, ಆಮೇಲೆ ಹತ್ತಿರದಿಂದ, ಈಗ ಟೆಂಪೋದ ಮೂತಿ ಕಲ್ಲಿಗೆ ತಾಗುವಷ್ಟು ಹತ್ತಿರದಿಂದ. ಡಬ್ಬಿ ಅದನ್ನೆಲ್ಲ ನೋಡಿ ನೋಡಿ ಕಲಿತಿತ್ತು.

ಟೆಂಪೋ ಪೂರ್ತಿ ನಿಂತಿತು. ಯಜಮಾನರು ಆಕ್ಸಿಲರೇಟರ್ ತುಳಿದರು. ಎಂಜಿನ್ನು ಗುರ್ ಎಂದಿತೇ ಹೊರತು ಚಕ್ರ ಅಲುಗಲಿಲ್ಲ.

"ಏನಾತು ಪಿಳ್ಳಪ್ಪಣ್ಣ? ಹರಾಜಿಗೆ ಹೊತ್ತಾಯ್ತು!" ಎಂದು ಬ್ಯಾಟಪ್ಪ ಕೂಗಿದ. ಹಿಂದೆ ಇನ್ನೊಂದು ಟೆಂಪೋ ಬಂದು ನಿಂತಿತು. ಅದರ ಹಿಂದೆ ಹಾಲಿನ ಗಾಡಿ. ಅದರ ಹಿಂದೆ ಒಂದು ಬಸ್ಸು. ಮುಂದಿನವರು ನಿಂತಿದ್ದಾರೆಂದರೆ ವಿಶೇಷ ಪೂಜೆಯೇ ಇರಬೇಕೆಂದು ಬಸ್ಸಿನವರೆಲ್ಲ ಚಪ್ಪಲಿ ಬಿಟ್ಟು ಇಳಿದು ಬಂದರು. ಯಾರೋ ಒಬ್ಬರು ತೆಂಗಿನಕಾಯಿ ಒಡೆದರು. ಇನ್ನೊಬ್ಬರು ಕಲ್ಲಿಗೆ ಇನ್ನೊಂದು ಹಿಡಿ ಕುಂಕುಮ ಮೆತ್ತಿದರು.

ನಾನು ಕದಿರಪ್ಪನಿಗೆ ಫೋನ್ ಮಾಡಿದೆ.

"ಅಕ್ಕ, ಗಾಬರಿ ಬೀಳ್ಬ್ಯಾಡ! ಭಾವ ಅಲ್ಲಿ ಏನನ್ನೋ ನೋಡ್ತಾರಲ್ಲ, ಅದು ಕಂಡ ತಕ್ಷಣ ಅವ್ರ ಹುಬ್ಬು ಸಡಿಲ ಆಗ್ತೈತೆ. ಹುಬ್ಬು ಸಡಿಲ ಆಗೋವರೆಗೂ ಗಾಡಿ ಬಿಡಲ್ಲ. ಎಂಥಾ ಸೇಫ್ಟಿ ನೋಡು!"

"ವೈರು ಕಿತ್ತಾಕ್ಲಾ?"

"ಅಯ್ಯೋ, ಕಿತ್ರೆ ಎಂಜಿನ್ನೇ ಆಫ್! ಕಳ್ಳರಿಗೆ ಅಂತ ಮಾಡಿರೋದು!"

ನಾನು ಇಳಿದೆ. ಜನರ ನಡುವೆ ನುಗ್ಗಿ ಕಲ್ಲಿನ ಮುಂದೆ ಕೂತು ಸೆರಗಿನಿಂದ ಕುಂಕುಮ ಒರೆಸತೊಡಗಿದೆ.

"ಏಯ್, ಯಾರಮ್ಮ ಅದು! ಅಪಚಾರ!"

"ಅಕ್ಕಯ್ಯಮ್ಮ, ತಲೆ ಕೆಟ್ಟೋಯ್ತಾ ನಿಂಗೆ? ದೇವ್ರ ಮುಖ ಒರೆಸ್ತಿದೀಯಲ್ಲ!" ಎಂದ ಬ್ಯಾಟಪ್ಪ.

"ಮುಖಕ್ಕೆ ಕುಂಕುಮ ಜಾಸ್ತಿಯಾಗಿ ದೇವ್ರಿಗೇ ಉಸಿರು ಕಟ್ಟೈತೆ. ಸರಿ ಅತ್ಲಾಗೆ!" ಎಂದೆ. ದೇವರ ಮೇಲೆ ಕರುಣೆ ತೋರಿಸುವವರನ್ನು ಯಾರೂ ತಡೆಯುವುದಿಲ್ಲ. ಕಲ್ಲು ಬೆಳ್ಳಗೆ ಹೊರಬಂತು. ಕಪ್ಪು ಅಕ್ಷರ ಎದ್ದು ಕಂಡಿತು. ಬ್ಯಾಟಪ್ಪ ಟೆಂಪೋದ ಮೇಲೆ ನಿಂತೇ ಜೋರಾಗಿ ಓದಿದ: "ಶಿಡ್ಲಘಟ್ಟ, ಒಂಬತ್ತು!"

"ಒಂಬತ್ತು!" ಎಂದು ಒಳಗಿನಿಂದ ಯಜಮಾನರೂ ತಕ್ಷಣ ಕೂಗಿದರು.

ದೀಪ ಕದಲಲಿಲ್ಲ. ಡಬ್ಬಿ ಅವರ ಬಾಯಿಯ ಮಾತು ಕೇಳುತ್ತಿರಲಿಲ್ಲ, ಅವರ ಕಣ್ಣು ನೋಡುತ್ತಿತ್ತು.

ನಾನು ವಾಪಸ್ಸು ಬಂದು ಅವರ ಬಾಗಿಲ ಪಕ್ಕ ನಿಂತೆ. ಹಳದಿ ಬೆಳಕು ಕಲ್ಲಿನ ಮೇಲೆ ಕಿರಿದಾಗುತ್ತಿತ್ತು, ಅಗಲವಾಗುತ್ತಿತ್ತು.

"ಕಾಣ್ತಿಲ್ವಾ?" ಎಂದು ಮೆಲ್ಲಗೆ ಕೇಳಿದೆ.

ಅವರು ಸ್ಟೀರಿಂಗಿನ ಮೇಲಿಂದ ಕೈ ತೆಗೆದರು. ಆಮೇಲೆ, "ಕಲ್ಲು ಕಾಣ್ತೈತೆ ಕಣೇ. ಬೆಳ್ಳಗಿರೋದು ಕಾಣ್ತೈತೆ. ಅದರ ಮ್ಯಾಲೆ ಏನೈತೋ ಕಾಣ್ತಿಲ್ಲ" ಎಂದರು.

"ಎಷ್ಟು ದಿನ ಆಯ್ತು?"

"ಈ ವಾರ ಕಾಣ್ತು ಅಂದ್ಕೊಂಡು ಅಂದಾಜಿನ ಮ್ಯಾಲೆ ಓಡಿಸ್ದೆ. ಹಿಂದೆ ಇಷ್ಟು ಜನ ಕೂತವ್ರೆ ಅಂತ ದಿನಾ ನಡುಕ ಬರ್ತಿತ್ತು. ಆದ್ರೂ ಓಡಿಸ್ದೆ."

ಬ್ಯಾಟಪ್ಪ ಇಳಿದು ಬಂದು ಪಕ್ಕದಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಈಗ ಇವನು ಊರಿಗೆಲ್ಲ ಸಾರುತ್ತಾನೆ, ಇಲ್ಲಿಗೆ ನಮ್ಮ ಟೆಂಪೋದ ಕತೆ ಮುಗಿಯಿತು ಎಂದುಕೊಂಡೆ. ಅವನು ಬಾಗಿಲು ತೆಗೆದ.

"ಇಳಿ ಪಿಳ್ಳಪ್ಪಣ್ಣ. ಟ್ರ್ಯಾಕ್ಟ್ರು ಓಡಿಸಿದ ಕೈ ನಂದು, ಲೈಸೆನ್ಸೂ ಐತೆ. ಕಣ್ಣು ವಾಸಿ ಆಗೋವರೆಗೂ ನಾನು ಹಿಡೀತೀನಿ. ನಿನ್ ಗಾಡೀನೇ, ನಿನ್ ಬಾಡಿಗೇನೇ. ನೀನು ಪಕ್ಕದಲ್ಲಿ ಕೂತ್ಕೊಂಡು ಬೈತಿರು ಸಾಕು."

ಯಜಮಾನರು ಇಳಿದರು. ಇಳಿಯುವಾಗ ಸ್ಟೀರಿಂಗ್ ಮುಟ್ಟಿ ಹಣೆಗೊತ್ತಿಕೊಂಡರು. ಆ ಮುಖವನ್ನು ನಾನು ಹೆಚ್ಚು ಹೊತ್ತು ನೋಡಲಾರದೆ ಹೋದೆ.

ಬ್ಯಾಟಪ್ಪ ಕೂತು ಕಲ್ಲು ನೋಡಿದ. ಒಂದೇ ಕ್ಷಣ! ಹುಬ್ಬು ಸಡಿಲವಾಯಿತು, ಟೆಂಪೋ ಹೊರಟಿತು. ಬಸ್ಸಿನವರು ಚಪ್ಪಾಳೆ ತಟ್ಟಿದರು. ಆದರೆ ಬ್ಯಾಟಪ್ಪನ ಕಣ್ಣು ಎಲ್ಲಿರುತ್ತದೆ? ಹಿಂದೆ ತನ್ನ ಚೀಲಗಳ ಮೇಲೆ! ಕ್ಷಣಕ್ಕೊಮ್ಮೆ ಕನ್ನಡಿಯಲ್ಲಿ ಚೀಲ ನೋಡುತ್ತಿದ್ದ. ದೀಪಗಳು ಪಾಪ, ಕತ್ತು ಹೊರಳಿಸಿ ಹೊರಳಿಸಿ, ಕೊನೆಗೆ ಪೂರ್ತಿ ಹಿಂದಕ್ಕೆ ತಿರುಗಿ ಬಂಪರಿನ ಸಂದಿಯಿಂದ ಟೆಂಪೋದ ಹೊಟ್ಟೆಯನ್ನೇ ಬೆಳಗತೊಡಗಿದವು.

"ಮುಂದೆ ನೋಡೋ, ಮುಂದೆ! ದಾರಿ ಮುಂದೈತೆ!" ಎಂದು ಯಜಮಾನರು ಬೈದರು. ಬಹಳ ದಿನದ ಮೇಲೆ ಅವರ ಬಾಯಿಂದ ಬಂದ ಮೊದಲ ಬೈಗುಳ ಅದು. ನನಗೆ ಜೀವ ಬಂದಂತಾಯಿತು. ಉಳಿದ ದಾರಿಯನ್ನು ಹೆಡ್‌ಲೈಟಿನಲ್ಲೇ ತೆವಳಿದೆವು. ಹರಾಜಿಗೆ ತಡವಾಯಿತು, ಆದರೆ ಮುಟ್ಟಿದೆವು.

ಮುಂದಿನ ವಾರ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಬಲಿತಿತ್ತು. ಡಾಕ್ಟರಮ್ಮ, "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದರು. "ಲೈಟ್ ಬದಲಾಯಿಸ್ತಿದ್ದೆ ಮೇಡಂ" ಎಂದರು ಯಜಮಾನರು. ಒಂದು ಕಣ್ಣಿಗೆ ಆಪರೇಷನ್ ಆಯಿತು, ಸ್ವಲ್ಪ ದಿನ ಬಿಟ್ಟು ಇನ್ನೊಂದಕ್ಕೆ. ಭಯಪಟ್ಟಷ್ಟು ಏನೂ ಇರಲಿಲ್ಲ. ಊರಿನವರೂ ಟೆಂಪೋ ಬಿಡಲಿಲ್ಲ. ಬ್ಯಾಟಪ್ಪನ ಕೈಗೆ ಸಿಕ್ಕಿ ಅಷ್ಟು ದಿನ ಜೀವ ಹಿಡಿದು ಕೂತವರಿಗೆ, ಪಿಳ್ಳಪ್ಪ ಯಾವಾಗ ಬರುತ್ತಾನೋ ಎಂಬುದೇ ಧ್ಯಾನವಾಗಿತ್ತು.

ಗಾಡಿ ಓಡಿಸಬಹುದೆಂದು ಡಾಕ್ಟರಮ್ಮ ಹೇಳಿದ ದಿನ, ಸಂಜೆ, ಯಜಮಾನರು ಅಂಗಳದಲ್ಲಿ ಟೆಂಪೋ ಏರಿ ಕೂತರು. ಡಬ್ಬಿ ಅವರ ಕಣ್ಣು ನೋಡಿತು. ದೀಪಗಳು ಅತ್ತ ಇತ್ತ ಹೊರಳಿ, ಯಾರನ್ನೋ ಹುಡುಕಿ, ಸಿಗದೆ, ತಣ್ಣಗೆ ಆರಿಹೋದವು.

"ಹೊಸ ಕಣ್ಣಲ್ಲ, ಗುರ್ತು ಸಿಗ್ತಿಲ್ಲ. ಇಳೀರಿ ಭಾವ, ನಾನು ಸರಿ ಮಾಡ್ತೀನಿ!" ಎಂದು ಕದಿರಪ್ಪ ತಾನೇ ಹತ್ತಿ ಕೂತ. ದೀಪ ಹತ್ತಿತು. ಎದುರಿಗೆ ಪಂಚಾಯಿತಿ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಏನೋ ಬರೆದಿತ್ತು. ಅವನು ಅದನ್ನು ನೋಡಿದ. ದೀಪಗಳು ಗೋಡೆಯ ಮೇಲೆ ಹೋಗಿ ನಿಂತವು. ಕಿರಿದಾದವು. ಅಗಲವಾದವು. ಮತ್ತೆ ಕಿರಿದಾದವು.

ಎಂಜಿನ್ನು ಗುರ್ ಎನ್ನುತ್ತಿತ್ತು, ಚಕ್ರ ಅಲುಗುತ್ತಿರಲಿಲ್ಲ.

"ಗೋಡೆ ಮ್ಯಾಲೆ ಏನ್ ಬರ್ದವ್ರೆ ಕದಿರಪ್ಪ?" ಎಂದು ಯಜಮಾನರು ತಣ್ಣಗೆ ಕೇಳಿದರು.

"ಅದಾ... ಪೈಂಟ್ ಸರಿಯಿಲ್ಲ ಭಾವ! ಅಲ್ದೆ ಸೆನ್ಸರ್ರೂ ಕೆಟ್ಟೈತೆ! ಒಂದ್ವಾರ ಕೊಡಿ, ಬೇರೆ ಲೆನ್ಸ್ ಹಾಕ್ತೀನಿ!"

"ಡಾಕ್ಟ್ರೂ ಅದನ್ನೇ ಹಾಕ್ತಾರೆ" ಎಂದೆ ನಾನು.

ಮಾರನೆಯ ಬೆಳಿಗ್ಗೆ ಗೂಡಿನ ಚೀಲಗಳ ಜೊತೆಗೆ ಅವನನ್ನೂ ಟೆಂಪೋಗೆ ಏರಿಸಿದೆವು. ದಾರಿಯುದ್ದಕ್ಕೂ ಲೆನ್ಸಿನ ವಿಚಾರ ಮಾತಾಡುತ್ತಲೇ ಇದ್ದ. ಯಜಮಾನರು ಮಾತ್ರ ದಾರಿ ನೋಡಿಕೊಂಡು ಗಾಡಿ ಓಡಿಸಿದರು. ಆಸ್ಪತ್ರೆಯ ಬೋರ್ಡು ಅವರಿಗೆ ಈಗ ಬಹಳ ದೂರದಿಂದಲೇ ಕಾಣುತ್ತದೆ.